ದೀಪಣ್ಣನ ಜಾಗಕ್ಕೊಬ್ಬರು

ನಾನು ಅವನನ್ನು ಮೊದಲು ಕಂಡ ದಿನ ಅವನ ಮುಖ ಕಾಣಲಿಲ್ಲ. ಡಾಕ್ಟರ ಮೇಜಿನ ಅಡಿಯಿಂದ ಎರಡು ಕಾಲುಗಳು ಮಾತ್ರ ಹೊರಗೆ ಚಾಚಿದ್ದವು. ನನ್ನ ಭುಜದ ಎಕ್ಸ್‌ರೇ ತೆಗೆದು ಬಹಳ ಹೊತ್ತಾಗಿತ್ತು. ಎಕ್ಸ್‌ರೇ ಕೋಣೆ ಇದ್ದುದು ಅಂಗಳದಾಚೆಯ ಕಟ್ಟಡದಲ್ಲಿ. ಚಿತ್ರ ಅಲ್ಲಿಂದ ಡಾಕ್ಟರ ಕಂಪ್ಯೂಟರಿಗೆ ತಾನಾಗಿಯೇ ಬರಬೇಕಿತ್ತು. ಅರ್ಧ ಭುಜ ಬಂದು ನಿಂತುಬಿಟ್ಟಿತ್ತು.

“ಉಳಿದರ್ಧ ದಾರೀಲಿದೆ ಮೇಷ್ಟ್ರೇ, ಗಾಬರಿಯಾಗಬೇಡಿ,” ಎಂದಿತು ಮೇಜಿನ ಅಡಿಯ ದನಿ.

“ಹಸಿರು ದೀಪ ಉರೀತಿದೆಯಲ್ಲಪ್ಪ,” ಎಂದರು ಡಾಕ್ಟರು.

“ಎರಡೂ ಕಡೆ ಉರೀತಿದೆ ಸರ್. ತಂಟೆ ಇರೋದೇ ಅಲ್ಲಿ.”

ಊಟದ ಡಬ್ಬಿಗಿಂತ ಚಿಕ್ಕದೊಂದು ಪೆಟ್ಟಿಗೆಯನ್ನು ಅವನು ಹೊರಗೆಳೆದು ನನಗೂ ತೋರಿಸಿದ. ಅದರ ಹೆಸರು ಮೀಡಿಯಾ ಕನ್ವರ್ಟರ್. ಒಂದು ಬದಿಗೆ ಮಾಮೂಲಿ ತಾಮ್ರದ ಕೇಬಲ್, ಇನ್ನೊಂದು ಬದಿಗೆ ಕೂದಲೆಳೆಯಂಥ ಗಾಜಿನ ತಂತು. ವಿದ್ಯುತ್ತಾಗಿ ಬಂದುದನ್ನು ಅದು ಬೆಳಕಾಗಿಸಿ ಆಚೆ ಕಟ್ಟಡಕ್ಕೆ ಕಳಿಸುತ್ತದೆ. ಅಲ್ಲಿರುವ ಅದರ ಜೋಡಿ, ಬೆಳಕನ್ನು ಮತ್ತೆ ವಿದ್ಯುತ್ತಾಗಿಸುತ್ತದೆ.

“ಈ ಪೆಟ್ಟಿಗೆ ಮಾತಾಡ್ತಾನೇ ಕೇಳಿಸ್ಕೊಳ್ಳುತ್ತೆ. ಇದಕ್ಕೆ ಸಿಕ್ಕಿಸಿರೋ ಯಂತ್ರ ಮಾತ್ರ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಮುಚ್ಕೊಂಡಿರಬೇಕು ಅಂತ ತಿಳ್ಕೊಂಡಿದೆ. ಇಬ್ಬರ ಮಾತೂ ನಡುದಾರೀಲಿ ಡಿಕ್ಕಿ ಹೊಡೀತಿದೆ.”

“ನನ್ನ ತರಗತಿ ಹಾಗೇ ಇತ್ತಪ್ಪ,” ಎಂದೆ.

ಅವನು ನಕ್ಕು, ಪೆಟ್ಟಿಗೆಯ ಬದಿಯಲ್ಲಿದ್ದ ಅಕ್ಕಿಕಾಳಿನಷ್ಟು ಗುಂಡಿಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಸರಿಸಿದ. ನನ್ನ ಇನ್ನರ್ಧ ಭುಜ ಬಂದು ಸೇರಿತು.

ಭುಜದ ವ್ಯಾಯಾಮಕ್ಕೆಂದು ನಾನು ವಾರವಾರವೂ ಆ ಆಸ್ಪತ್ರೆಗೆ ಹೋಗಬೇಕಾಯಿತು. ವ್ಯಾಯಾಮದ ಕೋಣೆ ನೆಲಮಾಳಿಗೆಯಲ್ಲಿ, ಆಸ್ಪತ್ರೆಯ ಕಂಪ್ಯೂಟರ್ ಜಾಲ ನೋಡಿಕೊಳ್ಳುತ್ತಿದ್ದ ಅವನ ಕೋಣೆ ಅದರ ಮಗ್ಗುಲಲ್ಲಿ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಒಂದು ಬೆಂಚು, ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ಅವುಗಳ ಫ್ಯಾನಿನ ಒಂದೇ ಸಮನೆಯ ಗುಂಯ್‌ಗುಟ್ಟುವಿಕೆ. ಯಾವ ವಾರ್ಡಿನಿಂದ ಯಾರು ಫೋನು ಮಾಡಿದರೂ ಅವನ ಮೊದಲ ಪ್ರಶ್ನೆ, “ಯಾವ ದೀಪ ಉರೀತಿದೆ?” ಹಾಗಾಗಿ ಆಸ್ಪತ್ರೆಗೆಲ್ಲ ಅವನು ದೀಪಣ್ಣ.

ಆ ದೀಪಣ್ಣನಿಗೆ ಅಲ್ಲಿಂದ ಹೊರಟುಹೋಗಬೇಕಿತ್ತು. ಹೆಂಡತಿಗೆ ಅಂಚೆ ಕಚೇರಿಯಲ್ಲಿ ಕೆಲಸ, ಬಸ್ಸಿನಲ್ಲಿ ಅರ್ಧ ದಿನದಷ್ಟು ದೂರದ ಊರು. ಮಗಳು ತಾಯಿಯ ಬಳಿ. ಇವನು ರಜೆ ಸಿಕ್ಕಾಗ ಹೋಗುತ್ತಿದ್ದ.

“ಚಪ್ಪಲಿ ಬಿಡೋಕೆ ಮುಂಚೆ ಮಗಳು ಕೇಳ್ತಾಳೆ ಮೇಷ್ಟ್ರೇ, ನಾಳೆ ಎಷ್ಟೊತ್ತಿಗೆ ಹೋಗ್ತೀಯಾ ಅಂತ. ನೆಂಟನ್ನ ಕೇಳೋ ಹಾಗೆ.”

ಅದೇ ಸಂಸ್ಥೆಯ ಇನ್ನೊಂದು ಆಸ್ಪತ್ರೆ ಆ ಊರಿನಲ್ಲೇ ಇತ್ತು, ಕೆಲಸವೂ ಖಾಲಿ ಇತ್ತು. ಆದರೆ ಆಡಳಿತಾಧಿಕಾರಿಗಳದು ಒಂದೇ ಮಾತು: “ನಿನ್ನ ಜಾಗಕ್ಕೆ ಒಬ್ಬರನ್ನ ತಯಾರು ಮಾಡು, ಅವತ್ತೇ ಸಹಿ ಹಾಕ್ತೀನಿ.”

“ಎಲ್ಲವನ್ನೂ ಬರೆದಿಡಬಹುದಲ್ಲ?” ಎಂದೆ ನಾನು.

“ಪ್ರತಿ ಪೆಟ್ಟಿಗೆ ಮೇಲೂ ಬರೆದು ಅಂಟಿಸಿದೀನಿ. ಓದೋರು ಬೇಕಲ್ಲ.”

ಅವನು ಒಬ್ಬನನ್ನು ತಯಾರು ಮಾಡಿದ. ಆಸ್ಪತ್ರೆಯ ಎಲೆಕ್ಟ್ರಿಷಿಯನ್, ಕೈ ಚುರುಕು, ತಲೆಯೂ ಚುರುಕು. ಕಲಿತು ಮುಗಿಸಿದವನೇ ಒಂದು ಕೇಬಲ್ ಕಂಪನಿ ಸೇರಿಕೊಂಡ. ದೀಪಣ್ಣ ಇನ್ನೊಬ್ಬನನ್ನು ಹಿಡಿದ. ಅವನೂ ಕಲಿತ, ಅವನೂ ಹಾರಿಹೋದ. ಹೋಗುವಾಗ ಕಾಲಿಗೆ ಬಿದ್ದು, “ಎಲ್ಲಾ ನಿಮ್ಮಿಂದ ಅಣ್ಣಾ,” ಎಂದನಂತೆ.

“ಚೆನ್ನಾಗಿ ಕಲಿಸಬಾರದು ಮೇಷ್ಟ್ರೇ,” ಎಂದ ದೀಪಣ್ಣ ಆ ದಿನ. “ಕಲಿಸದೆ ಇದ್ರೆ ನಾನು ಹೋಗೋ ಹಾಗಿಲ್ಲ, ಕಲಿಸಿದ್ರೆ ಅವರು ನಿಲ್ಲೋ ಹಾಗಿಲ್ಲ.” ಮೂವತ್ತು ವರ್ಷ ಪಾಠ ಹೇಳಿದ ನಾನು ನನ್ನ ಭುಜದ ವ್ಯಾಯಾಮಕ್ಕೆ ಎದ್ದೆ.

ಕೆಲವು ವಾರಗಳ ಬಳಿಕ ಅವನು ಸ್ವಲ್ಪ ಗೆಲುವಾಗಿ ಕಂಡ. “ಈ ಸಲ ಹೋಗೋಕಾಗದವರನ್ನೇ ಹುಡುಕಿದೀನಿ,” ಎಂದ. ಆ ಮಾತು ನನಗೆ ಹಿತವೆನಿಸಲಿಲ್ಲ.

ಅವನು ಹುಡುಕಿದ್ದು ಆಸ್ಪತ್ರೆಯ ಟೆಲಿಫೋನ್ ಬೋರ್ಡ್ ನೋಡಿಕೊಳ್ಳುತ್ತಿದ್ದ ಹೆಂಗಸನ್ನು. ಎಲ್ಲರೂ ಆಕೆಯನ್ನು ಬೋರ್ಡಕ್ಕ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದ ತಂದೆ ಮನೆಯಲ್ಲಿದ್ದರು. ಆ ಮುದುಕರನ್ನು ಬಿಟ್ಟು ಆಕೆ ಕೆಲಸಕ್ಕಲ್ಲದೆ ಪಕ್ಕದ ಬೀದಿಗೂ ನೆಮ್ಮದಿಯಾಗಿ ಹೋಗುವಂತಿರಲಿಲ್ಲ.

ಬೋರ್ಡಕ್ಕ ಬೇಗ ಕಲಿತರು. ಕೊನೆಗೆ ಪರೀಕ್ಷೆಯ ದಿನ ಬಂತು. ಆಡಳಿತಾಧಿಕಾರಿಗಳು ಇಳಿದುಬಂದು, “ನೀನು ಕೂತ್ಕೋ, ಅವರೇ ಮಾಡಲಿ,” ಎಂದು ದೀಪಣ್ಣನನ್ನು ನನ್ನ ಪಕ್ಕ ಬೆಂಚಿನ ಮೇಲೆ ಕೂರಿಸಿದರು. ರಕ್ತಪರೀಕ್ಷೆಯ ವರದಿಗಳು ವಾರ್ಡುಗಳಿಗೆ ಹೋಗುತ್ತಿರಲಿಲ್ಲ. ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪವೇನೋ ಉರಿಯುತ್ತಿತ್ತು.

“ಇಲ್ಲಿ ಸರಿಯಾಗಿದೆಯಲ್ಲ,” ಎಂದರು ಆಡಳಿತಾಧಿಕಾರಿಗಳು.

“ಇದು ಈ ಕಡೆ ತಾಮ್ರದ ಕೇಬಲ್ ಚೆನ್ನಾಗಿದೆ ಅಂತ ಮಾತ್ರ ಹೇಳ್ತಿದೆ ಸರ್,” ಎಂದರು ಬೋರ್ಡಕ್ಕ. “ಗಾಜಿನ ತಂತುವಿನ ದೀಪ ಆರಿದೆ, ನೋಡಿ. ಆಚೆಯಿಂದ ಬೆಳಕೇ ಬರ್ತಿಲ್ಲ.” ರಕ್ತಪರೀಕ್ಷೆಯ ಕೋಣೆಗೆ ನಡೆದುಹೋಗಿ ಸರಿಪಡಿಸಿ ಬಂದರು. ಯಾರೋ ಕಸ ಗುಡಿಸುವಾಗ ಎರಡು ತಂತುಗಳನ್ನು ಕಿತ್ತು, ಮತ್ತೆ ಅದಲುಬದಲಾಗಿ ಸಿಕ್ಕಿಸಿದ್ದರಂತೆ: ಕಳಿಸುವುದರ ಜಾಗಕ್ಕೆ ಕೇಳುವುದು, ಕೇಳುವುದರ ಜಾಗಕ್ಕೆ ಕಳಿಸುವುದು. ಅವರು ಬರುವಷ್ಟರಲ್ಲಿ ವರದಿಗಳು ವಾರ್ಡು ಮುಟ್ಟಿದ್ದವು. ಅಂದೇ ಸಹಿಯಾಯಿತು.

ಅಧಿಕಾರಿಗಳು ಮೆಟ್ಟಿಲು ಹತ್ತಿದ ಮೇಲೆ ಬೋರ್ಡಕ್ಕ ಕೈ ಒರೆಸಿಕೊಳ್ಳುತ್ತ ಕೇಳಿದರು, “ನನ್ನನ್ನೇ ಯಾಕೆ ಆರಿಸಿದ್ರಿ ಅಣ್ಣಾ?”

“ನೀವು ಚುರುಕು ಅಂತ.”

“ಚುರುಕಾದೋರು ಈ ಆಸ್ಪತ್ರೇಲಿ ಬೇಕಾದಷ್ಟು ಜನ ಇದಾರೆ. ಕಟ್ಟಿಹಾಕಿದ ಹಾಗೆ ಬಿದ್ದಿರೋಳು ನಾನೊಬ್ಬಳೇ.” ದನಿಯಲ್ಲಿ ಸಿಟ್ಟಿರಲಿಲ್ಲ. “ಇರಲಿ. ನೀವು ಹೊರಡಿ, ಮಗು ಕಾಯ್ತಿರುತ್ತೆ.”

ದೀಪಣ್ಣ ತಲೆ ತಗ್ಗಿಸಿದ. ಆದರೆ ಹೋಗದೆ ಇರಲಿಲ್ಲ. ಅಷ್ಟು ವರ್ಷ ಕಾದವನು ಬೇರೇನು ಮಾಡಿಯಾನು?

ಮರುವರ್ಷ ಬೋರ್ಡಕ್ಕನ ತಂದೆ ತೀರಿಕೊಂಡರು. ದೂರದಲ್ಲಿರುವ ತಂಗಿ, “ಅಕ್ಕಾ, ಒಬ್ಬಳೇ ಯಾಕಿರ್ತೀಯ, ಇಲ್ಲಿಗೇ ಬಂದುಬಿಡು,” ಎಂದು ಕರೆದಳು. ಆಕೆ ಬಿಡುಗಡೆ ಕೇಳಲು ಹೋದರೆ ಆಡಳಿತಾಧಿಕಾರಿಗಳು, “ನಿಮ್ಮ ಜಾಗಕ್ಕೆ ಒಬ್ಬರನ್ನ ತಯಾರು ಮಾಡಿ,” ಎಂದರು. ಇದನ್ನು ಆಕೆ ದೀಪಣ್ಣನಿಗೆ ಹೇಳಲಿಲ್ಲ. ನಾನು ಫೋನಿನಲ್ಲಿ ಹೇಳಿದೆ.

ಈಗ ದೀಪಣ್ಣ ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾನೆ. ಮನೆಯಲ್ಲಿ ಮುಖ ಊದಿಸಿಕೊಳ್ಳುತ್ತಾರೆ, ಆದರೂ ಬರುತ್ತಾನೆ. ಬೋರ್ಡಕ್ಕನ ಜಾಗಕ್ಕೆಂದು ಆರಿಸಿದ, ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಡಬ್ಬ ಜೋಡಿಸುತ್ತಿದ್ದ ನಡುವಯಸ್ಸಿನವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುತ್ತಾನೆ. ಬೋರ್ಡಕ್ಕ ವಾರವಿಡೀ ಹೇಳಿಕೊಟ್ಟದ್ದರಲ್ಲಿ ಕಲಿಯುವವರು ತಪ್ಪು ತಿಳಿದದ್ದನ್ನು ಇವನು ತಿದ್ದುತ್ತಾನೆ. ಅವರು ಒಳ್ಳೆಯ ಮನುಷ್ಯರು, ಆದರೆ ಕಲಿಕೆ ತೀರ ನಿಧಾನ. ಕಳೆದ ಭಾನುವಾರ ನಾನು ಇಣುಕಿದಾಗ, ಒಂದೇ ತಂತುವಿನಲ್ಲಿ ನಡೆಯುವ ಪೆಟ್ಟಿಗೆಗಳಲ್ಲಿ ಒಂದೇ ಜಾತಿಯ ಎರಡನ್ನು ಯಾಕೆ ಜೋಡಿ ಮಾಡಬಾರದೆಂದು ಹೇಳಿಕೊಡುತ್ತಿದ್ದ. ಎರಡೂ ಪೆಟ್ಟಿಗೆ ಒಂದೇ ಬಣ್ಣದ ಬೆಳಕು ಕಳಿಸಿ ಇನ್ನೊಂದು ಬಣ್ಣಕ್ಕಾಗಿ ಕಾಯುತ್ತ ಕೂರುತ್ತವೆ, ಅಷ್ಟೇ. ಅವರು ತಲೆಯಾಡಿಸಿ ಮತ್ತೆ ಅದೇ ಜಾತಿಯ ಎರಡನ್ನೇ ಕೈಗೆತ್ತಿಕೊಂಡರು.

ಬೋರ್ಡಕ್ಕ ಬಾಗಿಲಲ್ಲಿ ನಿಂತಿದ್ದರು. ದೀಪಣ್ಣ ಗಡಿಯಾರ ನೋಡಿದ, ಎರಡನ್ನೂ ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡ, ಮೊದಲಿನಿಂದ ಶುರುಮಾಡಿದ.