ಉಮಾಬಾಯಿಯ ಆರುನೂರ ಹನ್ನೆರಡು ಸಾಲು

ಸೊಲ್ಲಾಪುರದ ನವಿ ಪೇಠೆಯ ಹಿಂದಿನ ಗಲ್ಲಿಯಲ್ಲಿರುವ ಶಾಂತಪ್ಪನವರ ಮನೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಲ್ಲರೂ ಮಲಗುತ್ತಾರೆ. ಶಾಂತಪ್ಪನವರು ಚಾದರ, ಟವೆಲ್ಲಿನ ಅಂಗಡಿಯ ಬಾಗಿಲು ಎಳೆದು ಬಂದು, ಉಂಡು, ಒರಗುತ್ತಾರೆ. ಮಗ ಸೋಮೇಶನೂ ಹಾಗೆಯೇ. ಆ ಹೊತ್ತಿಗೆ ಊರೇ ಕಣ್ಣು ಮುಚ್ಚಿರುತ್ತದೆ. ಶಾಂತಪ್ಪನವರ ಹೆಂಡತಿ ಉಮಾಬಾಯಿಗೆ ಮಾತ್ರ ಹಗಲುನಿದ್ದೆ ಎಂದೂ ಒಗ್ಗಿಬರಲಿಲ್ಲ. ಶೇಂಗಾ ಸುಲಿಯುವುದು, ಹರಿದ ಚೀಲ ಹೊಲಿಯುವುದು, ಓದಿದ್ದ ಪಂಚಾಂಗವನ್ನೇ ಮತ್ತೆ ಓದುವುದು, ಹೀಗೆ ಆ ಎರಡು ತಾಸು ಕಳೆಯುತ್ತಿದ್ದರು. ಕಳೆದ ವರ್ಷ, ಅರವತ್ತಾರನೆಯ ವಯಸ್ಸಿನಲ್ಲಿ, ಅದೇ ಎರಡು ತಾಸುಗಳಲ್ಲಿ ಕೂತು ಅವರು ಮಾಡಿದ ಕೆಲಸ ಮನೆಯವರು ಯಾರೂ ಎಣಿಸದಂಥದ್ದು.

ಉಮಾಬಾಯಿಯ ತವರು ಕರ್ನಾಟಕದ ಗಡಿಗಂಟಿದ ದುಧನಿ. ಏಳನೆಯವರೆಗೆ ಅಲ್ಲಿಯ ಕನ್ನಡ ಸಾಲೆಯಲ್ಲಿ, ಮುಂದೆ ಮೆಟ್ರಿಕ್‌ವರೆಗೆ ಅಕ್ಕಲಕೋಟದಲ್ಲಿ ಕಲಿತವರು. ಅಕ್ಷರ ದುಂಡಗಿತ್ತು, ಶುದ್ಧಬರಹದಲ್ಲಿ ಯಾರೂ ಅವರನ್ನು ಹಿಂದೆ ಹಾಕಿರಲಿಲ್ಲ. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಮೇಲೆ ಆ ಅಕ್ಷರಕ್ಕೆ ಕೆಲಸವೇ ಉಳಿಯಲಿಲ್ಲ. ಅಂಗಡಿಯ ಬೋರ್ಡು ಮರಾಠಿ, ಮಕ್ಕಳ ಸಾಲೆ ಮರಾಠಿ. ಮನೆಯಲ್ಲಿ ಆಡುವುದೇನೋ ಕನ್ನಡವೇ, ಬರೆಯುವುದು ಮಾತ್ರ ಯಾರಿಗೂ ಬೇಕಿರಲಿಲ್ಲ. ತವರಿಗೆ ತಿಂಗಳಿಗೊಂದು ಪತ್ರ ಹಾಕುತ್ತಿದ್ದರು. ಫೋನು ಬಂದಮೇಲೆ ಅದೂ ನಿಂತಿತು. ಇಪ್ಪತ್ತೈದು ವರ್ಷ ಅವರು ಕನ್ನಡದಲ್ಲಿ ಒಂದು ಸಾಲು ಬರೆದಿರಲಿಲ್ಲ.

ಸೊಸೆ ಸಾರಿಕಾ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಕನ್ನಡ ಆಡುತ್ತಾಳೆ, ಓದಲು ಬರುತ್ತಿರಲಿಲ್ಲ. ಬಿಡುವಿದ್ದಾಗ ಅವಳು ಎರಡು ಸಾಫ್ಟ್‌ವೇರುಗಳ ತೆರೆಯ ಮೇಲಿನ ಇಂಗ್ಲಿಷ್ ಸಾಲುಗಳನ್ನು ಮರಾಠಿಗೆ ಮಾಡಿಕೊಡುತ್ತಿದ್ದಳು. ಎರಡನ್ನೂ ಬೇರೆಬೇರೆ ದೇಶದ ಹತ್ತಾರು ಜನ ಸೇರಿ, ಯಾರ ಸಂಬಳಕ್ಕೂ ಅಲ್ಲದೆ, ತಮ್ಮ ಖುಷಿಗೆ ಕಟ್ಟುತ್ತಿದ್ದರು. ಒಂದು ಸಿಮ್ ಕಾರ್ಡಿನದು: ಬೆರಳುದ್ದದ ಒಂದು ಯಂತ್ರದಲ್ಲಿ ಸಿಮ್ ಇಟ್ಟು ಕಂಪ್ಯೂಟರಿಗೆ ಚುಚ್ಚಿದರೆ ಅದರೊಳಗಿನ ಹೆಸರು, ನಂಬರು, ಸಂದೇಶ ಎಲ್ಲ ತೆರೆಯ ಮೇಲೆ ಬರುತ್ತವೆ, ತಿದ್ದಬಹುದು, ಪಿನ್ ಬದಲಿಸಬಹುದು. ಇನ್ನೊಂದು ಡಿಸ್ಕಿಗೆ ಭದ್ರತೆ ಕೊಡುವಂಥದ್ದು: ಲ್ಯಾಪ್‌ಟಾಪ್ ಕಳೆದುಹೋದರೂ ಸಿಕ್ಕವರಿಗೆ ಒಳಗಿನದು ಒಂದಕ್ಷರವೂ ಓದಲು ಬಾರದು. ಅವುಗಳ ಇಂಗ್ಲಿಷ್ ಹೆಸರು ಉಮಾಬಾಯಿಯ ಬಾಯಲ್ಲಿ ನಿಲ್ಲಲಿಲ್ಲ. ಅವರಿಗೆ ಒಂದು ‘ಸಿಮ್ಮಿಂದು’, ಇನ್ನೊಂದು ‘ಡಿಸ್ಕಿಂದು’.

ಜೂನ್ ತಿಂಗಳ ಒಂದು ಮಧ್ಯಾಹ್ನ ಎರಡರ ಹೊಸ ಆವೃತ್ತಿಯೂ ಹೊರಬಿದ್ದ ಸುದ್ದಿ ಬಂತು. ಯಾವ ಭಾಷೆ ಎಷ್ಟು ಆಗಿದೆ ಎಂಬ ಪಟ್ಟಿ ಕೆಳಗಿತ್ತು. ಮರಾಠಿಯ ಮುಂದೆ ನೂರಕ್ಕೆ ನೂರು ಇದ್ದುದನ್ನು ಸಾರಿಕಾ ಅತ್ತೆಗೆ ಹೆಮ್ಮೆಯಿಂದ ತೋರಿಸಿದಳು. ಉಮಾಬಾಯಿ ಮೆಚ್ಚಿ, ಆಮೇಲೆ ನಮ್ಮದು ಎಲ್ಲಿ ಅಂತ ಕೇಳಿದರು. ಸಾರಿಕಾ ಪಟ್ಟಿಯನ್ನು ಕೆಳಕೆಳಗೆ ಸರಿಸಿದಳು. ಕನ್ನಡದ ಮುಂದೆ ಸೊನ್ನೆ ಇತ್ತು.

“ಸೊನ್ನಿ ಯಾಕ?”

“ಮಾಡಾವ್ರು ಯಾರೂ ಸಿಕ್ಕಿಲ್ಲರಿ ಅತ್ತಿ.”

ಉಮಾಬಾಯಿ ಶೇಂಗಾದ ಬುಟ್ಟಿಯನ್ನು ಪಕ್ಕಕ್ಕಿಟ್ಟರು. “ನನಗ ಕನ್ನಡ ಬರ್ತದ. ನಿನಗ ಕಂಪ್ಯೂಟರ್ ಬರ್ತದ. ಮತ್ತೇನ್ ಬೇಕು?”

ಅತ್ತೆ ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡಳು ಸಾರಿಕಾ. ಮರುದಿನ ಎರಡಕ್ಕೆ ಸರಿಯಾಗಿ ಉಮಾಬಾಯಿ ಇನ್ನೂರು ಪುಟದ ನೋಟಬುಕ್ಕು, ನೀಲಿ ಪೆನ್ನು ಹಿಡಿದು ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಜೂನ್ ಎಂದರೆ ಕಾಲೇಜಿಗೆ ರಜೆ. ಸಾರಿಕಾಳಿಗೂ ತಪ್ಪಿಸಿಕೊಳ್ಳಲು ನೆಪ ಸಿಗಲಿಲ್ಲ.

ಎರಡೂ ಸೇರಿ ಆರುನೂರ ಹನ್ನೆರಡು ಸಾಲುಗಳಿದ್ದವು. ಸಾರಿಕಾ ಇಂಗ್ಲಿಷ್ ಸಾಲು ಓದಿ, ಅದು ಎಲ್ಲಿ ಯಾವಾಗ ಕಾಣುತ್ತದೆ ಎಂಬುದನ್ನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳುವಳು. ಉಮಾಬಾಯಿ ಮೊದಲು ಮನೆಮಾತಿನಲ್ಲಿ ಒಮ್ಮೆ ಅಂದು ನೋಡಿ, ಆಮೇಲೆ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆಯುವರು. ಕಾಣದ ವಸ್ತುವಿನ ಬಗ್ಗೆ ಬರೆಯಲು ಅವರು ಸುತರಾಂ ಒಪ್ಪಲಿಲ್ಲ. ಹಾಗಾಗಿ ಸಾರಿಕಾ ಅವರದೇ ಹಳೆಯ ಫೋನಿನ ಸಿಮ್ ತೆಗೆದು ಯಂತ್ರದಲ್ಲಿಟ್ಟು ತೋರಿಸಿದಳು. ಹನ್ನೊಂದು ವರ್ಷದ ಹಿಂದೆ ಹಾಕಿಸಿದ್ದ ಹೆಸರುಗಳು ಸಾಲಾಗಿ ಬಂದವು. ಹಾಲಿನವನು, ಗಿರಣಿಯವನು, ಬಳೆಗಾರ್ತಿ ಸಾವಿತ್ರಿಬಾಯಿ. ಅಂದು ಅವರು ಒಂದು ಸಾಲೂ ಬರೆಯಲಿಲ್ಲ. ಸಾವಿತ್ರಿಬಾಯಿಗೆ ಫೋನು ಹಚ್ಚಿ ಎರಡು ತಾಸೂ ಮಾತಾಡಿದರು.

ಡಿಸ್ಕಿಂದು ಸ್ವಲ್ಪ ಕಾಡಿತು. ಇದ್ದ ಅಕ್ಷರವನ್ನೇ ಕಲಸಿ ಇಡುತ್ತದೆ, ಗೊತ್ತಿದ್ದವರಷ್ಟೇ ಬಿಡಿಸಬಹುದು ಎಂದು ಸಾರಿಕಾ ಮೂರು ಬಗೆಯಲ್ಲಿ ಹೇಳಿ ಸೋತಳು. ಕೊನೆಗೆ ಸಾಲೆಯಲ್ಲಿ ಗೆಳತಿಯರು ಮಾತಿನ ನಡುವೆ ‘ಚ’ ಸೇರಿಸಿ ಗುಟ್ಟು ಆಡುತ್ತಿದ್ದುದು ನೆನಪಾಗಿ, ಇದೂ ಹಾಗೆಯೇ ಅಂದಳು. ಉಮಾಬಾಯಿಯ ಮುಖ ಅರಳಿತು. ದುಧನಿಯಲ್ಲಿ ಅವರೂ ತಮ್ಮ ಭೀಮಣ್ಣನೂ ‘ಕ’ ಸೇರಿಸಿ ಆಡುತ್ತಿದ್ದರಂತೆ. “ಕನೀ ಕಬಾ” ಎಂದು ಅವರು ಕರೆದು ತೋರಿಸಿದರು. ಸಾರಿಕಾ ‘ಚ’ದಲ್ಲಿ ಉತ್ತರ ಕೊಟ್ಟಳು. ಅತ್ತೆ ಸೊಸೆ ಇಬ್ಬರೂ ನಕ್ಕ ಸದ್ದಿಗೆ ಒಳಕೋಣೆಯಲ್ಲಿ ಶಾಂತಪ್ಪನವರು ಎದ್ದು ಕೂತು, ಮನೆಗೆ ಯಾರು ಬಂದರು ಎಂದು ಕೇಳಿದರು. ಅಂದಿನಿಂದ ಕೆಲಸ ಓಡತೊಡಗಿತು. ಪಾಸ್‌ವರ್ಡಿಗೆ ಉಮಾಬಾಯಿ ‘ಗುಟ್ಟಿನ ಮಾತು’ ಎಂದಿಟ್ಟರು. ‘ಗುಟ್ಟಿನ ಮಾತು ಮರೆತರೆ ನಾವೂ ತೆರೆಯಲಾರೆವು’ ಎಂಬ ಸಾಲು ಬರೆದಾಗ ತಮಗೇ ಹಿಡಿಸಿ ಎರಡು ಸಲ ಓದಿಕೊಂಡರು.

ನೋಟಬುಕ್ಕಿನದನ್ನು ಕಂಪ್ಯೂಟರಿಗೆ ಹಾಕುವುದು ಸಾರಿಕಾಳ ಪಾಲು. ಅಕ್ಷರ ಗುರುತು ಹಚ್ಚಿ ಹಚ್ಚಿ ಒತ್ತಬೇಕಾಗಿ ಮೊದಮೊದಲು ದಿನಕ್ಕೆ ಐದು ಸಾಲೂ ಸಾಗಲಿಲ್ಲ. ಒತ್ತಕ್ಷರ ಬಂದರೆ ಅತ್ತೆಯನ್ನು ಕೂಗುವಳು. ತಿಂಗಳು ಕಳೆಯುವಷ್ಟರಲ್ಲಿ ಕೂಗುವುದು ನಿಂತಿತು. ಸ್ಟೇಷನ್ ರಸ್ತೆಯಲ್ಲಿ ಕಲಬುರಗಿಯ ಬಸ್ಸಿನ ಬೋರ್ಡನ್ನು ತಾನಾಗಿಯೇ ಓದಿದ ದಿನ ಅವಳು ಮನೆಗೆ ಪೇಢೆ ತಂದಳು.

ಬರೆದದ್ದನ್ನು ತಿದ್ದಿ ಒಪ್ಪಲು ಇನ್ನೊಬ್ಬರು ಬೇಕು ಎಂಬುದು ಅಲ್ಲಿಯ ನಿಯಮ. ಮೈಸೂರಿನ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಮುಂದೆ ಬಂದರು. ವಾರದಲ್ಲಿ ಎಲ್ಲವನ್ನೂ ನೋಡಿ ಕಳಿಸಿದರು. ಬಹುತೇಕ ಸಾಲು ಹಾಗೆಯೇ ಇದ್ದವು. ಆದರೆ ಉಮಾಬಾಯಿ ‘ಕೀಲಿ ಹಾಕು’ ಎಂದಲ್ಲೆಲ್ಲ ‘ಬೀಗ ಹಾಕು’ ಆಗಿತ್ತು, ‘ಕೀಲಿಕೈ’ ಎಂದಲ್ಲೆಲ್ಲ ಬರೀ ‘ಕೀಲಿ’ ಆಗಿತ್ತು. ಒಟ್ಟು ನಲವತ್ತೊಂದು ಕಡೆ.

ಸಾಲೆ ಬಿಟ್ಟಮೇಲೆ ಉಮಾಬಾಯಿಯ ಬರಹಕ್ಕೆ ಕೆಂಪು ಗೆರೆ ಬಿದ್ದದ್ದು ಅದೇ ಮೊದಲು. ಎರಡು ದಿನ ನೋಟಬುಕ್ಕು ತೆರೆಯಲಿಲ್ಲ. ಶೇಂಗಾ ಸುಲಿದರು. ಮೂರನೆಯ ದಿನ ಒಂದು ಹಾಳೆ ಹರಿದು ಮೇಷ್ಟ್ರಿಗೆ ಪತ್ರ ಬರೆದರು. ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ, ತೆರೆಯುವುದು ಕೀಲಿಕೈ. ‘ಕೀಲಿ ಕಳೆದರೆ’ ಎಂದು ನೀವು ಬರೆದರೆ ನಮ್ಮ ಜನ ಬಾಗಿಲೇ ಬಯಲಾಯಿತು ಎಂದು ಹೌಹಾರುತ್ತಾರೆ. ಇನ್ನು ‘ಬೀಗ’ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಮಗಳನ್ನು ಕೊಟ್ಟ ಮನೆಯವರು, ‘ಬೀಗ ತೆರೆಯಿರಿ’ ಎಂದರೆ ನಗುತ್ತಾರೆ. ಹೀಗೆ ಒಂದೂವರೆ ಪುಟ. ಸಾರಿಕಾ ಅದರ ಫೋಟೊ ತೆಗೆದು ಕಳಿಸಿದಳು.

ಉತ್ತರವೂ ಕೈಬರಹದಲ್ಲೇ ಬಂತು. ಮೇಷ್ಟ್ರ ಅಕ್ಷರ ಉಮಾಬಾಯಿಯದಕ್ಕಿಂತ ದುಂಡಗಿತ್ತು. ಅದರಿಂದ ಅವರಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮೈಸೂರಿನಲ್ಲೂ ಬೀಗರು ಇದ್ದಾರೆ, ಆದರೂ ನಾವು ಬೀಗ ಹಾಕಿ ಮಲಗುತ್ತೇವೆ, ಇದುವರೆಗೆ ಯಾವ ಸಂಬಂಧವೂ ಕೆಟ್ಟಿಲ್ಲ ಎಂದು ಬರೆದಿದ್ದರು. ಆದರೆ ಕೀಲಿಕೈ ಮಾತು ಒಳ್ಳೆಯದು, ‘ಕೈ’ ಇರುವುದರಿಂದ ಎರಡು ಕಡೆಯವರಿಗೂ ಗೊಂದಲವಿಲ್ಲ, ಅದನ್ನು ನಾನು ಒಪ್ಪಿದೆ. ಬೀಗವನ್ನು ನೀವು ಒಪ್ಪಿ. ಉಮಾಬಾಯಿ ಪತ್ರವನ್ನು ಶಾಂತಪ್ಪನವರಿಗೆ ಓದಿ ಹೇಳಿದರು. ಇದೆಲ್ಲ ಯಾರಿಗೆ ಬೇಕು ಎಂದು ಮೊದಲಿನಿಂದ ಕೇಳುತ್ತಿದ್ದ ಶಾಂತಪ್ಪನವರು ವ್ಯಾಪಾರಿಯ ಮಾತೇ ಆಡಿದರು: “ಒಂದು ಕೊಟ್ಟಾನ, ಒಂದು ಕೇಳ್ಯಾನ. ಸೌದಾ ಬರಾಬರಿ ಅದ. ಮುಗಿಸಿಬಿಡು.” ಉಮಾಬಾಯಿ ಮುಗಿಸಿದರು.

ಶ್ರಾವಣದ ಕೊನೆಗೆ ಹೊಸ ಆವೃತ್ತಿಗಳು ಬಂದವು. ಸುದ್ದಿಯ ಎರಡನೆಯ ಸಾಲೇ ಹೊಸ ಭಾಷೆ ಕನ್ನಡ ಎಂದಿತ್ತು. ದುಡಿದವರ ಪಟ್ಟಿಯಲ್ಲಿ, ಯಾವಯಾವುದೋ ದೇಶದ ಹೆಸರುಗಳ ನಡುವೆ, ಕನ್ನಡ ಅಕ್ಷರದಲ್ಲಿ ‘ಉಮಾಬಾಯಿ, ಸೊಲ್ಲಾಪುರ’ ಎಂದಿತ್ತು. ಕೆಳಗೆ ‘ಸಾರಿಕಾ’. ಕನ್ನಡ ಓದಲು ಬಾರದ ಶಾಂತಪ್ಪನವರು ಯಾವುದು ಯಾರ ಹೆಸರು ಎಂದು ಬೆರಳಿಟ್ಟು ಕೇಳಿ ತಿಳಿದುಕೊಂಡರು. ಅಂದು ಅಂಗಡಿಗೆ ಚಾದರ ಕೊಳ್ಳಲು ಬಂದವರಿಗೆಲ್ಲ ಮೊದಲು ಫೋನು ತೋರಿಸಿ ಆಮೇಲೆ ಚಾದರ ತೋರಿಸಿದರು ಎಂದು ಸೋಮೇಶ ಸಂಜೆ ಹೇಳಿದ.

ಮುಂದಿನ ಭಾನುವಾರ ಅತ್ತೆ ಸೊಸೆ ಲ್ಯಾಪ್‌ಟಾಪು, ಸಿಮ್ಮಿನ ಯಂತ್ರ, ನೋಟಬುಕ್ಕು ಎಲ್ಲ ಕಟ್ಟಿಕೊಂಡು ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋದರು. ತಮ್ಮ ಭೀಮಣ್ಣ ಈಗ ಅಲ್ಲಿಯೇ ಮನೆ ಮಾಡಿದ್ದಾನೆ. ದುಧನಿಯ ಹೊಲದ ಬೋರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾನೆ. ಮನೆಯಲ್ಲಿ ಕೂತು ಫೋನು ಮಾಡಿದರೆ ಅಲ್ಲಿ ಮೋಟಾರು ಹತ್ತುತ್ತದೆ. ಅದಕ್ಕೊಂದು ಸಿಮ್. ಹಳೆಯ ಸ್ಟಾರ್ಟರಿನದು, ಹಳೆಯ ಫೋನುಗಳದು ಸೇರಿ ಅವನ ಕಪಾಟಿನ ಡಬ್ಬಿಯಲ್ಲಿ ಐದು ಸಿಮ್ ಇದ್ದವು. ಯಾವುದು ಯಾವುದರದು ಎಂಬುದು ಅವನಿಗೂ ಗೊತ್ತಿರಲಿಲ್ಲ.

ಊಟವಾದಮೇಲೆ ಸಾರಿಕಾ ಲ್ಯಾಪ್‌ಟಾಪು ತೆರೆದಳು. ಮೊದಲಿಗೇ ಡಿಸ್ಕಿಂದು ‘ಗುಟ್ಟಿನ ಮಾತು ಬರೆಯಿರಿ’ ಎಂದು ಕೇಳಿತು. ಅದನ್ನು ಓದಿದ ಭೀಮಣ್ಣ ಹೆಣ್ಣುಮಕ್ಕಳ ಗುಟ್ಟು ನಮಗೇಕೆ ಎಂದು ಗಂಭೀರವಾಗಿ ಗೋಡೆಯ ಕಡೆ ಮುಖ ಮಾಡಿ ಕೂತ. ಆಮೇಲೆ ಸಿಮ್ಮಿಂದು ತೆರೆದು ಮೌಸನ್ನು ಅವನ ಕೈಗೇ ಕೊಟ್ಟರು. ಯಾರೂ ಏನೂ ಹೇಳಿಕೊಡಬಾರದು ಎಂದು ಉಮಾಬಾಯಿ ತಾಕೀತು ಮಾಡಿದ್ದರು. ಭೀಮಣ್ಣ ಪ್ರತಿ ಸಾಲನ್ನೂ ದೊಡ್ಡದಾಗಿ ಓದುತ್ತ ಹೋದ. ಹಿಂದೆ ಅಕ್ಕನ ಪತ್ರಗಳನ್ನು ತಾಯಿ ಗುರುಲಿಂಗಮ್ಮನಿಗೆ ಓದಿ ಹೇಳುತ್ತಿದ್ದವನು ಅವನೇ. ಓದುವ ಧಾಟಿ ಹಾಗೆಯೇ ಉಳಿದಿತ್ತು. ಒಂದೊಂದೇ ಸಿಮ್ ಇಟ್ಟು, ಒಳಗಿನ ಹೆಸರು ನೋಡಿ, ಇದು ಸ್ಟಾರ್ಟರಿಂದು, ಇದು ಮೊದಲನೆಯ ಫೋನಿಂದು ಎಂದು ಐದನ್ನೂ ಅರ್ಧ ತಾಸಿನಲ್ಲಿ ಬೇರ್ಪಡಿಸಿದ.

ಒಂದು ಸಿಮ್ಮಿನಲ್ಲಿ ಟ್ರ್ಯಾಕ್ಟರಿನ ಮಲಕಾಜಪ್ಪನ ಹೆಸರು ಇಂಗ್ಲಿಷಿನಲ್ಲಿ ತಪ್ಪುತಪ್ಪಾಗಿತ್ತು. ಅದನ್ನು ಕನ್ನಡದಲ್ಲಿ ಬರೆಯಬೇಕು ಎಂದ. ಸಾರಿಕಾ ‘ಮಲಕಾಜಪ್ಪ ಟ್ರ್ಯಾಕ್ಟರ್’ ಎಂದು ಪೂರ್ತಿ ಬರೆದುಕೊಟ್ಟಳು. ತೆರೆಯ ಮೇಲೆ ಉಮಾಬಾಯಿಯ ಇನ್ನೂರ ಎಂಬತ್ತನೆಯದೋ ಏನೋ ಸಾಲು ಬಂತು: ‘ಹೆಸರು ಉದ್ದವಾಯಿತು. ಸ್ವಲ್ಪ ಮೊಟಕು ಮಾಡಿ.’

ಭೀಮಣ್ಣ ಅದನ್ನು ಓದಿದ. ಮತ್ತೊಮ್ಮೆ ಓದಿದ. “ಅಕ್ಕಾ, ಇದು ಥೇಟ್ ನಿನ್ನಂಗ ಮಾತಾಡಾಕತ್ತದ,” ಎಂದ. “ಸಣ್ಣಾಂವ ಇದ್ದಾಗ ನಾ ಏನರ ಹೇಳಾಕ ಬಂದ್ರ ನೀ ಹಿಂಗ ಅಂತಿದ್ದಿ.”

ಇಷ್ಟು ದಿನ ಉಮಾಬಾಯಿ ತಾವು ಬರೆದದ್ದು ಯಂತ್ರಕ್ಕೆ ಎಂದುಕೊಂಡಿದ್ದರು. ಸೆರಗಿನಿಂದ ಕನ್ನಡಕ ಒರೆಸಿಕೊಂಡು, “ಮತ್ತ ಮೊಟಕ ಮಾಡು,” ಎಂದಷ್ಟೇ ಅಂದರು.

ಹೆಸರು ‘ಮಲಕಪ್ಪ’ ಆಯಿತು. ಇನ್ನು ಗುಂಡಿ ಒತ್ತಬೇಕು. ಭೀಮಣ್ಣನ ಕೈ ಅಲ್ಲೇ ನಿಂತಿತು.

“ಎರಡೂ ಅಳಿಸು ಅಂತನ ಅದಾವಲ್ಲ. ಉಳಿಸೋದು ಎಲ್ಲಿ ಅದ?”

ಅತ್ತೆ ಸೊಸೆ ಇಬ್ಬರೂ ಬಾಗಿ ನೋಡಿದರು. ನಿಜ. ಎಡಕ್ಕೆ ‘ಅಳಿಸು’, ಬಲಕ್ಕೂ ‘ಅಳಿಸು’. ಸಾರಿಕಾ ಗಡಬಡಿಸಿ ನೋಟಬುಕ್ಕು ತೆಗೆದಳು. ಅತ್ತೆಯ ನೀಲಿ ಅಕ್ಷರದಲ್ಲಿ ‘ಉಳಿಸು’ ಎಂದು ಸ್ಪಷ್ಟವಾಗಿತ್ತು. ಉಕಾರದ ಜಾಗದಲ್ಲಿ ಅಕಾರ ಒತ್ತಿದವಳು ತಾನೇ. ಇದುವರೆಗೆ ಎಷ್ಟು ಜನ ಹೆಸರು ಉಳಿಸಲು ಹೋಗಿ ಯಾವುದನ್ನು ಒತ್ತಿದರೋ ಎಂದು ಅವಳ ಮುಖ ಬಾಡಿತು. ಉಮಾಬಾಯಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಬಿಡವ್ವಾ, ನಿನಗಷ್ಟ ಅಲ್ಲ, ನನಗೂ ಕಂಡಿಲ್ಲ, ಮೇಷ್ಟ್ರಿಗೂ ಕಂಡಿಲ್ಲ. ಅವ್ರು ಬೀಗ ಹಿಡಕೊಂಡು ಕುಂತಿದ್ರು, ನಾ ಕೀಲಿ ಹಿಡಕೊಂಡು ಕುಂತಿದ್ದೆ.”

ಸಾರಿಕಾ ಅಲ್ಲಿಯೇ ಕೂತು ತಪ್ಪನ್ನು ಬರೆದು ಕಳಿಸಿದಳು. ಚಹಾ ಆಗುವಷ್ಟರಲ್ಲಿ ಮೇಷ್ಟ್ರ ಉತ್ತರ ಬಂತು: ಪರೀಕ್ಷೆಯಲ್ಲಿ ಇಂಥ ತಪ್ಪಿಗೆ ಹುಡುಗರ ಅಂಕ ಕತ್ತರಿಸಿದವನು ನಾನು, ನನ್ನದೂ ಒಂದು ಅಂಕ ಕತ್ತರಿಸಿ. ಆ ಗುಂಡಿಯನ್ನು ನಂಬಿ ಯಾರೂ ಏನೂ ಕಳೆದುಕೊಂಡಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕನ್ನಡದಲ್ಲಿ ತೆರೆದವರು ಅದುವರೆಗೆ ಒಂಬತ್ತೇ ಜನ, ಅವರಾರೂ ಹೆಸರು ತಿದ್ದುವವರೆಗೆ ಹೋಗಿರಲಿಲ್ಲ. ಹನ್ನೆರಡು ದಿನಕ್ಕೆ ಸಿಮ್ಮಿಂದು ಮತ್ತೊಮ್ಮೆ ಬಿಡುಗಡೆಯಾಯಿತು. ಸುದ್ದಿಯಲ್ಲಿ ಇದ್ದುದು ಇಷ್ಟೇ: ಕನ್ನಡದಲ್ಲಿ ಒಂದು ಅಕ್ಷರ ಸರಿಪಡಿಸಿದೆ, ತೋರಿಸಿದವರು ಭೀಮಣ್ಣ, ಅಕ್ಕಲಕೋಟ.

ಅದರಿಂದ ಒಂದು ತೊಂದರೆಯಾಗಿದೆ. ಭೀಮಣ್ಣ ಈಗ ತಾನೂ ಪಂಡಿತನೆಂದು ತಿಳಿದಿದ್ದಾನೆ. ವಾರ ಬಿಟ್ಟು ವಾರ, ಎರಡು ಗಂಟೆಗೆ ಸರಿಯಾಗಿ, ಅಕ್ಕನಿಗೆ ಫೋನು ಮಾಡಿ ಈ ಶಬ್ದ ಸರಿಯಿಲ್ಲ, ಆ ಶಬ್ದ ನಮ್ಮೂರಲ್ಲಿ ಯಾರೂ ಅನ್ನುವುದಿಲ್ಲ ಎಂದು ತಕರಾರು ತೆಗೆಯುತ್ತಾನೆ. ಉಮಾಬಾಯಿ ಪಟ್ಟು ಬಿಡದೆ ವಾದಿಸುತ್ತಾರೆ. ಇಲ್ಲಿಯವರೆಗೆ ಹದಿನಾಲ್ಕು ತಕರಾರು ಬಂದಿವೆ. ಅವುಗಳಲ್ಲಿ ಮೂರು ಸರಿಯಿದ್ದವು. ಆ ಮೂರನ್ನೂ ಅವರು ನೋಟಬುಕ್ಕಿನಲ್ಲಿ ತಿದ್ದಿ ಸಾರಿಕಾಳ ಕೈಗೆ ಕೊಟ್ಟಿದ್ದಾರೆ. ತಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ.