ನೆಲದ ಕೆಳಗಿನ ಹನ್ನೆರಡು ಅಂಕಿಗಳು

ಜನವರಿ ಹದಿನೆಂಟು. ಫೆಬ್ರುವರಿ ಹದಿನೆಂಟು. ಮೇ ತಿಂಗಳು? ಅದೂ ಹದಿನೆಂಟು!

ಯಾವ ಗಿರಿಧಾಮದ ಹವೆ ಎಂದು ಕೇಳಬೇಡಿ. ಇದು ಜತ್ತ ತಾಲೂಕಿನ ದರಿಬಡಚಿಯ ಆಚೆ ನಾವು ಕಟ್ಟಿಸುತ್ತಿರುವ ಶಾಲಾ ಕೋಣೆಯ ಕೆಳಗಿನ ಮಣ್ಣಿನ ಉಷ್ಣಾಂಶ. ಹಾಗೆಂದು ಹೇಳಿದ್ದು ಕಂಪ್ಯೂಟರ್.

ಶಾಲಾ ಸಮಿತಿಯ ಕಾಗದಕ್ಕೆ ನನ್ನ ಸಹಿಯೂ ಬೇಕು. (ಪಾಠ ಮಾಡುವುದನ್ನು ಬಿಟ್ಟೆ, ತಪ್ಪು ಹುಡುಕುವುದನ್ನು ಬಿಡಲಾಗಲಿಲ್ಲ.) ಗೋಡೆಗಳು ಎದ್ದಿವೆ, ಮೇಲಿನ ಸ್ಲ್ಯಾಬ್ ಆಗಿದೆ, ನೆಲವೊಂದು ಬಾಕಿ. ಅಲ್ಲಿಯವರೆಗೆ ಮಕ್ಕಳಿಗೆ ತಗಡಿನ ಶೆಡ್ಡೇ ಗತಿ.

ಎಂಜಿನಿಯರ್ ಸುನಂದಾ ನನ್ನ ಹಳೆಯ ವಿದ್ಯಾರ್ಥಿನಿ. ಲ್ಯಾಪ್‌ಟಾಪಿನಲ್ಲಿ ಇಡೀ ಕೋಣೆಯನ್ನು ಕಟ್ಟಿ, ಅದರ ಮೇಲೆ ಒಂದು ವರ್ಷದ ಬಿಸಿಲು, ಗಾಳಿ, ಚಳಿಯನ್ನು ಓಡಿಸಿ ತೋರಿಸಿದಳು.

"ನೆಲ ಶಾಖಾ ಎಳಕೊಳ್ಳತೈತ್ರಿ ಗುರುಜಿ. ಥಂಡಿ ದಿನದಾಗ ಹುಡುಗೂರ ಕಾಲ ಸೆಟೀತಾವ. ಕಾಂಕ್ರೀಟಿನ ಕೆಳಗ ಪೂರಾ ಥರ್ಮಾಕೋಲ್ ಹಾಸೂಣು."

ಪರದೆಯ ತುಂಬ ಬಣ್ಣ. ಬಣ್ಣ ಹೆಚ್ಚಾದಷ್ಟೂ ನನಗೆ ಸಂಶಯ ಹೆಚ್ಚು.

"ಮಣ್ಣು ಎಷ್ಟು ಬಿಸಿ ಅಂತ ಬರದೀ? ತೋರಸು."

ಆಗ ತೆರೆದುಕೊಂಡಿತು, ಹನ್ನೆರಡು ಹದಿನೆಂಟುಗಳ ಆ ಸಾಲು. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದವನ ಕೈ ಇಂಥದ್ದನ್ನು ಕಂಡರೆ ತಾನಾಗಿಯೇ ಕೆಂಪು ಪೆನ್ನು ಹುಡುಕುತ್ತದೆ.

"ಯಾರದು ನೋಡಿ ಬರದಿ?"

"ನಾ ಬರದೇ ಇಲ್ಲರಿ. ಸಾಫ್ಟ್‌ವೇರಿನಾಗ ಮೊದಲ ತುಂಬಿರತೈತಿ. ನಾ ಬದಲಿ ಮಾಡಲಿಲ್ಲ, ಅಷ್ಟ."

"ಅಂದ್ರ ನಾಲ್ಕನೇ ಇಯತ್ತೇದಾಗ ಬಾಜೂದಾಕಿ ಪಾಟಿ ನೋಡಿ ಬರದಂಗ."

"ಅದನ್ನ ಇನ್ನೂ ನೆನಪಿಟ್ಟೀರೇನ್ರಿ!"

ಯಾವ ದೇಶದ ಮಣ್ಣೋ ಏನೋ. ಅಷ್ಟು ತಣ್ಣನೆಯ ನೆಲದ ಮೇಲೆ ಕೂತರೆ ಯಾರಿಗಾದರೂ ಚಳಿಯಾದೀತು. ಆದರೆ ಅದು ನಮ್ಮ ನೆಲವೇ?

ಸಮಿತಿಯ ಇನ್ನೊಬ್ಬ ಸದಸ್ಯ ಬೀರಪ್ಪಜ್ಜ, ಕುರಿ ಕಾಯ್ದು ಹಣ್ಣಾದವರು. ಪರದೆಯತ್ತ ಬಗ್ಗಿ ನೋಡಿದರು.

"ನಮ್ಮ ಮಾಡಗ್ಯಾಳ ತಳಿ ಕುರಿ ಬ್ಯಾಸಗ್ಯಾಗ ಹಂಗ ಕುಂದ್ರೂದಿಲ್ಲವ್ವಾ. ಕಾಲಿಲೆ ಮ್ಯಾಲಿನ ಮಣ್ಣ ಕೆರದು ಕುಂದರತಾವ. ಮ್ಯಾಲ ಕಾದ ಹಂಚು, ಕೆಳಗ ತಂಪು. ಅಡವ್ಯಾಗ ನಾವೂ ಹಂಗ ಮಲಗತೀವಿ. ಆ ತಂಪಿಗಿ ನೀ ಥರ್ಮಾಕೋಲ್ ಮುಚ್ಚತೀಯೇನು?"

"ಸಾಫ್ಟ್‌ವೇರಿಗಿಂತ ಕುರಿ ಶಾಣ್ಯಾ ಅಂತೀರೇನ್ರಿ ಅಜ್ಜಾರ?"

"ಶಾಣ್ಯಾ ಅಲ್ಲವ್ವಾ. ಅವಕ್ಕ ಖುರ್ಚಿ ಇಲ್ಲ."

ನಮ್ಮ ಮಕ್ಕಳಿಗೂ ಇಲ್ಲ. ತೆಳ್ಳನೆಯ ಪಟ್ಟಿ ಹಾಸಿ ನೆಲದ ಮೇಲೇ ಕೂರುತ್ತಾರೆ. ಲ್ಯಾಪ್‌ಟಾಪಿನಲ್ಲಿ ಆ ಸಂಗತಿಯನ್ನು ಯಾರು ಬರೆದಿದ್ದರು?

ಸುನಂದಾ ಹಟಮಾರಿಯಲ್ಲ. ಬಿಸಿಲಿಗೆ ಕಾದ ಅಂಗಳದ ಶಾಖ ಅಂಚಿನಿಂದ ನುಗ್ಗುತ್ತದೆ, ಆದ್ದರಿಂದ ಅಂಚಿಗಂತೂ ಥರ್ಮಾಕೋಲ್ ಹಾಳೆ ಬೇಕೇ ಬೇಕು ಎಂದಳು; ನಡುವೆ ಬೇಕೋ ಬೇಡವೋ ಮಣ್ಣೇ ಹೇಳಲಿ ಎಂದಳು. ಕೋಣೆಯೊಳಗೆ ತೋಳುದ್ದದ ತೂತು ಕೊರೆದು ಪೈಪು ಇಳಿಸಿ, ಅದರೊಳಗೆ ಥರ್ಮಾಮೀಟರ್ ಇಳಿಬಿಟ್ಟೆವು. ದಿನವೂ ಮಧ್ಯಾಹ್ನ ಮಕ್ಕಳು ಗಾಳಿಯ ಉಷ್ಣಾಂಶವನ್ನೂ ಮಣ್ಣಿನ ಉಷ್ಣಾಂಶವನ್ನೂ ವಹಿಯಲ್ಲಿ ಬರೆಯಬೇಕು. ಒಂದು ತಿಂಗಳು.

ಮುಖ್ಯೋಪಾಧ್ಯಾಯಿನಿಯ ಮುಖ ಬಾಡಿತು. "ನಿಮ್ಮ ಸಂಶೇಕ್ಕ ನನ್ನ ಹುಡುಗೂರು ಇನ್ನೊಂದು ತಿಂಗಳು ತಗಡಿನ ಪತ್ರಾದ ಕೆಳಗ ಬೇಯಬೇಕೇನ್ರಿ ಗುರುಜಿ?"

ಅವರು ಹೇಳಿದ್ದು ನಿಜ. ಆದರೆ ಕಾಂಕ್ರೀಟ್ ಒಮ್ಮೆ ಬಿದ್ದರೆ ಕೆಳಗೇನಿದೆಯೆಂದು ಮತ್ತೆ ಅಗೆದು ನೋಡುವವರುಂಟೆ?

ಕಳೆದ ಶನಿವಾರ ವಹಿ ಕೈಗೆ ಬಂತು. ಗಾಳಿಯ ಅಂಕಿ ದಿನದಿಂದ ದಿನಕ್ಕೆ ಏರಿದೆ. ಮಣ್ಣಿನದು ಹದಿನೆಂಟಕ್ಕಿಂತ ಬಹಳ ಮೇಲೆ, ಗಾಳಿಗಿಂತ ಬಹಳ ಕೆಳಗೆ, ಅಲುಗಾಡದೆ ಕೂತಿದೆ. ಸುನಂದಾ ಅದರಿಂದಲೇ ಉಳಿದ ತಿಂಗಳುಗಳನ್ನು ಅಂದಾಜಿಸಿ, ಹೊಸ ಅಂಕಿಗಳನ್ನು ತುಂಬಿ ಮತ್ತೆ ವರ್ಷವನ್ನು ಓಡಿಸಿದಳು. ಅಂಚಿಗೆ ಮಾತ್ರ ಹಾಳೆ ಸಾಕು, ನಡುವೆ ಬೇಡ! ಬೀರಪ್ಪಜ್ಜ ಮೀಸೆಯಡಿ ನಕ್ಕರು. ಸೋಮವಾರವೇ ಕಾಂಕ್ರೀಟ್ ಎಂದಾಯಿತು. ಮುಖ್ಯೋಪಾಧ್ಯಾಯಿನಿ ಕಾಗದವನ್ನು ನನ್ನ ಮುಂದೆ ಸರಿಸಿದರು.

ಪೆನ್ನಿನ ಮುಚ್ಚಳ ತೆಗೆದೆ. (ಹಳೆಯ ಚಟ) ಇನ್ನೊಮ್ಮೆ ವಹಿಯ ಪುಟ ತಿರುವಿದೆ.

ಕೋಷ್ಟಕದ ಒಂದೂ ಮನೆ ಖಾಲಿಯಿಲ್ಲ. ಮೂವತ್ತು ದಿನವೂ ದುಂಡಗಿನ ಅಕ್ಷರ, ನೇರವಾದ ಸಾಲು.

ರವಿವಾರ ಶಾಲೆಗೆ ರಜೆ, ಕೋಣೆಗೆ ಬೀಗ. ಹಾಗಾದರೆ ಆ ನಾಲ್ಕು ರವಿವಾರಗಳ ಅಂಕಿಗಳನ್ನು ಬರೆದವರು ಯಾರು?