ಚಿಕ್ಕಪ್ಪಯ್ಯನಿಗೆ ವಾಸನೆ ಹೇಳಿದ್ದು

ಆಲಿವ್ ಕಾಯಿಯನ್ನು ನಾನು ಮೊದಲು ತಿಂದದ್ದು ಪುಸ್ತಕದೊಳಗೆ, ಎಂಟನೇ ಕ್ಲಾಸಿನಲ್ಲಿ, ಕೋಟದ ಲೈಬ್ರರಿಯ ಬೆಂಚಿನ ಮೇಲೆ ಕೂತು. ಯಾವುದೋ ಪರದೇಶದ ಕಾದಂಬರಿಯ ಅನುವಾದ. ಅದರಲ್ಲೊಬ್ಬ ಮುದುಕ ರೊಟ್ಟಿ, ಚೀಸಿನ ಜೊತೆ ಆಲಿವ್ ಚೀಪುತ್ತಿದ್ದ. ನಾನು ಅದಕ್ಕೆ ನಮ್ಮನೆಯ ಭರಣಿಯಲ್ಲಿದ್ದ ಉಪ್ಪುನೀರಿನ ಅಮಟೆಕಾಯಿಯ ರುಚಿ ಕೊಟ್ಟುಕೊಂಡೆ. ಚೀಸಿಗೆ ಗಿಣ್ಣಿನ ರುಚಿ. ಎಷ್ಟೋ ವರ್ಷಗಳ ಮೇಲೆ ನಿಜವಾದ ಆಲಿವ್ ಬಾಯಿಗೆ ಬಿದ್ದಾಗ, ದೇವರಾಣೆ, ಉಗಿಯುವ ಹಾಗಾಯಿತು. ಪುಸ್ತಕದ್ದೇ ಚೆನ್ನಾಗಿತ್ತು.

ಇಂಥವಳು ಕಾದಂಬರಿ ಬರೆಯಲು ಕೂತರೆ ಇನ್ನೇನಾದೀತು? ನನ್ನ ನಾಯಕಿ ಬ್ರಹ್ಮಾವರದಿಂದ ಫ್ರಾನ್ಸಿಗೆ ಹೋಗಿ ಅಲ್ಲಿನ ಹೋಟೆಲಿನಲ್ಲಿ ಈರುಳ್ಳಿ ಸೂಪು ಮಾಡುತ್ತಾಳೆ. ಬರೋಬ್ಬರಿ ನಾಲ್ಕು ಪುಟ ಸೂಪು. ನಾನು ಅದನ್ನು ಕಂಡವಳೂ ಅಲ್ಲ, ಕುಡಿದವಳೂ ಅಲ್ಲ. ಆದರೂ ಬರೆದದ್ದನ್ನು ಓದಿ ನನಗೇ ಬಾಯಲ್ಲಿ ನೀರೂರಿತು. ಹೆಮ್ಮೆಯಿಂದ ಹಾಳೆಗಳನ್ನು ಹಿಡಿದುಕೊಂಡು ಕುಂಭಾಶಿಗೆ, ಚಿಕ್ಕಪ್ಪಯ್ಯನ ಮನೆಗೆ ಹೋದೆ.

ಚಿಕ್ಕಪ್ಪಯ್ಯ ಮದುವೆ, ಉಪನಯನಗಳ ಅಡುಗೆಗೆ ಹೆಸರಾದವರು. ದೇವರಿಗೆ ನೈವೇದ್ಯ ಆಗುವವರೆಗೆ ನಮ್ಮ ಕಡೆ ಅಡುಗೆಯವರು ರುಚಿ ನೋಡುವಂತಿಲ್ಲ. ಹಂಡೆಗಟ್ಟಲೆ ಹುಳಿಯನ್ನು ಅವರು ಬರೀ ಮೂಗಿನಿಂದ ಅಳೆಯುತ್ತಿದ್ದರು. ಹೋದ ವರ್ಷ ಬಂದ ಹಾಳು ಜ್ವರ ವಾಸನೆ, ರುಚಿ ಎರಡನ್ನೂ ಕಿತ್ತುಕೊಂಡು ಹೋಯಿತು. ಅಂದೇ ಸೌಟು ಕೆಳಗಿಟ್ಟರು. ಮೊಮ್ಮಗಳ ಮದುವೆ ನಿಶ್ಚಯವಾಗಿ, ಅವಳು “ಅಜ್ಜಯ್ಯನ ಕೈ ಹುಳಿ ಇಲ್ದಿರೆ ನಂಗೆ ಮದಿ ಊಟವೇ ಬ್ಯಾಡ” ಎಂದು ಹಟ ಹಿಡಿದರೂ ಜಪ್ಪಯ್ಯ ಅನ್ನಲಿಲ್ಲ. ಮನೆಯಲ್ಲಿ ಎಲ್ಲರಿಗೂ ಅದೇ ಕೊರಗು.

ನಾನು ಓದಲು ಶುರುಮಾಡಿದೆ. ‘ಸ್ವರ್ಗದ ಬಾಗಿಲು ತೆರೆದಂಥ ಪರಿಮಳ’ ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿದರು.

“ಹೆಣೆ, ನಿಲ್ಸ್. ಸ್ವರ್ಗದ್ ಬಾಗ್ಲ್ ನಾನ್ ಕಾಣ್ಲಿಲ್ಲೆ. ಈರುಳ್ಳಿ ವಾಸ್ನಿ ಹ್ಯಾಂಗಿತ್ತ್, ಅದ್ನ್ ಹೇಳ್.”

“ಅದೇ ಚಿಕ್ಕಪ್ಪಯ್ಯ, ಘಮಘಮ ಅಂತ...”

“ಘಮಘಮ ಅಂಬುದ್ ಮಲ್ಲಿಗಿಗೂ ಆತ್ತ್, ಇಂಗಿಗೂ ಆತ್ತ್. ಮತ್ತೆ, ನಾಕ್ ಪುಟ ಆಯ್ತಲೆ, ಉಪ್ಪ್ ಎಲ್ಲ್ ಹಾಕಿದ್ದೆ ಮಾರಾಯ್ತಿ?”

ಹಾಕಿರಲೇ ಇಲ್ಲ! ನನಗೆ ಮೈಯೆಲ್ಲ ಉರಿಯಿತು. ತಪ್ಪು ನನ್ನದೇ ಆಗಿದ್ದರಿಂದ ಇನ್ನೂ ಜಾಸ್ತಿ ಉರಿಯಿತು. ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದೆ. ಮೂಗಿಲ್ಲದವರಿಗೆ ಓದಲು ಹೋದ ನನಗೆ ಬುದ್ಧಿಯಿಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದೆ.

ಮೂರನೇ ದಿನ ಸಿಟ್ಟು ಇಳಿಯಿತು. ಎರಡು ಕಿಲೋ ಈರುಳ್ಳಿ ತಂದು, ಸಣ್ಣ ಉರಿಯಲ್ಲಿ ಬೆಣ್ಣೆಯಲ್ಲಿ ಹುರಿಯುತ್ತ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ನು ಹಿಡಿದು ನಿಂತೆ. ಮೊದಲು ಕಣ್ಣು ಉರಿಸುವ ಹಸಿ ಘಾಟು. ಆಮೇಲೆ ಘಾಟು ಹೋಗಿ, ತನ್ನದೇ ನೀರಿನಲ್ಲಿ ಬೇಯುವ ವಾಸನೆ. ಮುಕ್ಕಾಲು ಗಂಟೆ ಕಳೆದ ಮೇಲೆ ಬೆಲ್ಲ ಕಾಯಿಸುವಾಗಿನ ಸಿಹಿ, ಅದರ ಬೆನ್ನಿಗೇ ಚೂರು ಕಹಿ. ಹಾಗೇ ಬರೆದೆ. ಉಪ್ಪನ್ನೂ ಹಾಕಿದೆ, ಬಾಣಲೆಗೂ, ಪುಟಕ್ಕೂ. ನಾಲ್ಕು ಪುಟ ಒಂದಾಯಿತು.

ಮತ್ತೆ ಹೋಗಿ ಓದಿದೆ. ಚಿಕ್ಕಪ್ಪಯ್ಯ ಕಣ್ಣು ಮುಚ್ಚಿ ಕೇಳುತ್ತಿದ್ದವರು ಕಹಿಯ ಮಾತು ಬಂದದ್ದೇ ಥಟ್ಟನೆ ನೆಟ್ಟಗೆ ಕೂತರು.

“ಒಲಿ ಸಣ್ಣ ಮಾಡ್! ಸೀದ್ ಹೋತ್ತ್!”

ನನಗೆ ಕುಣಿಯುವಷ್ಟು ಖುಷಿಯಾಯಿತು. “ಕಂಡ್ರ್ಯಾ, ನಿಮ್ಗೆ ವಾಸ್ನಿ ಬಂತ್! ಮದಿ ಅಡ್ಗಿ ನೀವೇ ಮಾಡಿ. ಮೂಗ್ ನಾನ್ ಆತೆ” ಎಂದೆ.

“ವಾಸ್ನಿ ಕಾಂಬುಕೆ ನನ್ನ ಅಡ್ಗಿ ಹುಡ್ಗ್ರ್ ಇದ್ರಲೆ” ಎಂದು ತಪ್ಪಿಸಿಕೊಳ್ಳಲು ನೋಡಿ, ಅವರೇ ನಕ್ಕರು. “ಅವ್ರ್ ನಂಗೆ ಹೆದ್ರಿ ಎಲ್ಲದ್ಕೂ ಪಷ್ಟ್ ಕ್ಲಾಸ್ ಆಯ್ತ್ ಅಂತ್ರ್. ನೀನಾರೆ ಜಗ್ಳ ಮಾಡ್ತೆ.” ಅಲ್ಲಿಗೆ ಒಪ್ಪಿಗೆ ಸಿಕ್ಕಿದಂತಾಯಿತು.

ಮದುವೆ ಬ್ರಹ್ಮಾವರದ ಒಂದು ಕಲ್ಯಾಣಮಂಟಪದಲ್ಲಿ. ಹಂಡೆಯಲ್ಲಿ ಸೌತೆಕಾಯಿ ಹುಳಿ ಕುದಿಯುತ್ತಿತ್ತು. ಕಚ್ಚೆ ಬಿಗಿದ ಚಿಕ್ಕಪ್ಪಯ್ಯ ನನ್ನನ್ನು ಪಕ್ಕಕ್ಕೆ ಎಳೆದು “ಹೇಳ್” ಎಂದರು.

“ಆಹಾ, ಅದ್ಭುತ...”

“ಕಾದಂಬರಿ ಬ್ಯಾಡ!”

ಬಗ್ಗಿ, ಉಸಿರೆಳೆದೆ. ರುಚಿ ನೋಡುವಂತಿಲ್ಲ, ನನ್ನ ಮಾತು ತಪ್ಪಿದರೆ ಇಡೀ ಮಂಟಪದ ಜನ ಕೆಟ್ಟ ಹುಳಿ ಉಣ್ಣಬೇಕು, ಮುದುಕರ ಹೆಸರು ಮೊಮ್ಮಗಳ ಮದುವೆಯಲ್ಲೇ ಹಾಳಾಗಬೇಕು.

“ಹುಣ್ಸಿಹಣ್ಣ್ ಇನ್ನೂ ಹಸಿ ಇತ್ತ್. ಮೂಗಿಗ್ ಚುಚ್ಚತ್ತ್. ಕೊತ್ತಂಬ್ರಿ ಬತ್ತಾ ಇಲ್ಲೆ.”

ಅವರು ಒಂದು ಕೊಳ್ಳಿಯನ್ನು ಒಲೆಯೊಳಗೆ ತಳ್ಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು.

“ಹುಣ್ಸಿ ಹಿಂದ್ ಹೋಯ್ತ್. ಕೊತ್ತಂಬ್ರಿ ಮುಂದ್ ಬಂತ್. ಕಾಯಿ ಬೆಂದ ವಾಸ್ನಿ ಬತ್ತಾ ಇತ್ತ್.”

“ಸಾಕ್. ಒಗ್ಗರ್ಣಿ ತನ್ನಿ!” ಎಂದು ಅಡುಗೆಮನೆ ನಡುಗುವ ಹಾಗೆ ಕೂಗಿದರು. ಆ ಕೂಗು ಕೇಳಿ ಒಂದು ವರ್ಷವಾಗಿತ್ತು.

ಪಂಕ್ತಿಯಲ್ಲಿ ಮದುಮಗಳು ಮೂರು ಸಲ ಹುಳಿ ಹಾಕಿಸಿಕೊಂಡಳು. ಮದುಮಗ ಬೆರಗಾಗಿ ನೋಡುತ್ತಿದ್ದ. ಕೊನೆಯ ಪಂಕ್ತಿಗೆ ಚಿಕ್ಕಪ್ಪಯ್ಯ ನನ್ನ ಪಕ್ಕದಲ್ಲೇ ಕೂತರು. ಅನ್ನಕ್ಕೆ ಹುಳಿ ಕಲಸಿ ಒಂದು ತುತ್ತು ಬಾಯಿಗಿಟ್ಟು, ನಿಧಾನಕ್ಕೆ ಅಗಿದು ನುಂಗಿದರು. ಅವರಿಗೆ ಏನೂ ಗೊತ್ತಾಗಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ನನ್ನ ಕಡೆ ತಿರುಗಿದರು.

“ಹ್ಯಾಂಗಾಯಿತ್ತ್ ಹೇಳ್, ಹೆಣೆ. ಈಗ ಮಾತ್ ಉದ್ದ ಆದ್ರೂ ಅಡ್ಡಿಲ್ಲೆ.”

ನನ್ನ ಎಲೆಯನ್ನು ಮರೆತು, ಪಾಯಸ ಬರುವವರೆಗೂ ಹೇಳುತ್ತಲೇ ಇದ್ದೆ.